ಗುರುವಾರದ ಹಾಳೆ

ಮಗು ಹುಟ್ಟಿದ ಮೇಲೆ ಆ ಮನೆಯಲ್ಲಿ ಎಲ್ಲರಿಗೂ ಏನಾದರೊಂದು ಸಿಕ್ಕಿತ್ತು. ಅತ್ತೆಗೆ ಎತ್ತಿ ಆಡಿಸಲು ಮೊಮ್ಮಗು ಸಿಕ್ಕಿತು. ಗಂಡನಿಗೆ ಆಫೀಸಿನಿಂದ ಅರ್ಧ ಗಂಟೆ ಮೊದಲೇ ಹೊರಡಲು ಘನವಾದ ಕಾರಣ ಸಿಕ್ಕಿತು. ನೆಂಟರಿಗೆ ಸಲಹೆ ಕೊಡಲು ಒಬ್ಬ ಬಡಪಾಯಿ ಸಿಕ್ಕಿದಳು. ಆ ಬಡಪಾಯಿಗೆ, ಅಂದರೆ ಮಗುವಿನ ತಾಯಿಗೆ, ಮಾತ್ರ ಏನೂ ಸಿಗುತ್ತಿರಲಿಲ್ಲ. ಬೀರುವಿನ ಕೀ ಸಿಗುತ್ತಿರಲಿಲ್ಲ, ಫೋನು ಸಿಗುತ್ತಿರಲಿಲ್ಲ (ಒಮ್ಮೆ ಅದು ಫ್ರಿಜ್ಜಿನಲ್ಲಿ ಬೇಯಿಸಿದ ಆಲೂಗಡ್ಡೆಯ ಪಕ್ಕ ತಣ್ಣಗೆ ಕೂತಿತ್ತು), ಹೇಳಬೇಕೆಂದಿದ್ದ ಮಾತು ಬಾಯಿಗೆ ಬರುವಷ್ಟರಲ್ಲಿ ಅದೂ ಎಲ್ಲೋ ಜಾರಿಹೋಗುತ್ತಿತ್ತು.

ಏಳು ತಿಂಗಳಾಗಿತ್ತು. ರಜೆ ಮುಗಿಯುತ್ತ ಬಂದಿತ್ತು. ಅವಳದು ಅರ್ಜಿಗಳನ್ನು ಪರಿಶೀಲಿಸುವ ಕೆಲಸ. ದಿನಕ್ಕೆ ನೂರು ಅರ್ಜಿ ನೋಡಿ, ಸಹಿ ಇಲ್ಲದ್ದಕ್ಕೆ "ಸಹಿ ಇಲ್ಲ", ತಾರೀಖು ಇಲ್ಲದ್ದಕ್ಕೆ "ತಾರೀಖು ಇಲ್ಲ" ಎಂಬ ಕೆಂಪು ಮುದ್ರೆ ಒತ್ತಿ ಹಿಂದಕ್ಕೆ ಕಳಿಸುವ ಕೆಲಸ. ಇನ್ನೊಂದು ಬಾರಿ ರಜೆ ಮುಂದುವರಿಸಿದರೆ ಆ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆಂದು ಮೇಲಧಿಕಾರಿ ಬಹಳ ಮೃದುವಾಗಿ, ಎರಡು ಸಲ, ಫೋನಿನಲ್ಲಿ ಹೇಳಿದ್ದರು. ಅತ್ತೆಗೆ ಮಂಡಿನೋವು, ಹಗಲಿಡೀ ಮಗುವಿನ ಹಿಂದೆ ಓಡಾಡಲು ಆಗದು. ಉಳಿದದ್ದು ಎರಡು ಬೀದಿ ಆಚೆಗಿನ ಡೇಕೇರ್.

ಆ ಡೇಕೇರಿನ ಮೇಡಂ ಕನ್ನಡಕದ ಮೇಲಿನಿಂದ ನೋಡುವವರು.

"ಒಂದೇ ತೊಟ್ಟಿಲು ಖಾಲಿ ಇದೆ. ಕೇಳ್ತಿರೋರು ಇಬ್ಬರು," ಎಂದರು ಅವರು. "ಒಂದು ವಾರ ಮಗು ಎಷ್ಟು ಹೊತ್ತಿಗೆ ಏನು ತಿಂತು, ಎಷ್ಟು ಮಲಗ್ತು, ಎಷ್ಟು ಅಳ್ತು, ಯಾಕೆ ಅಳ್ತು, ಎಲ್ಲಾ ಬರ್ಕೊಂಡು ಬನ್ನಿ. ಇವತ್ತಿಗೆ ಹದಿನೈದನೇ ದಿನ, ಸೋಮವಾರ ಹತ್ತು ಗಂಟೆಗೆ. ಯಾವ ಮಗು ನಮಗೆ ಹೊಂದುತ್ತೋ ಅದಕ್ಕೆ ತೊಟ್ಟಿಲು."

ಮನೆಗೆ ಬರುವ ದಾರಿಯಲ್ಲೇ ಅವಳಿಗೆ ಜ್ಞಾನೋದಯವಾಯಿತು. ಏಳು ತಿಂಗಳ ತನ್ನ ಅವ್ಯವಸ್ಥೆಗೆಲ್ಲ ಕಾರಣ ಒಂದೇ: ತನ್ನ ಬಳಿ ದಿನಚರಿ ಬರೆಯುವ ಸರಿಯಾದ ಪ್ಲ್ಯಾನರ್ ಇಲ್ಲ.

"ಒಂದು ಬಿಳಿ ಹಾಳೆ ಸಾಲದಾ?" ಎಂದ ಗಂಡ.

"ರೀ, ಮಗುವಿನ ಭವಿಷ್ಯನ ಬಿಡಿ ಹಾಳೇಲಿ ಬರೆಯೋಕಾಗುತ್ತೇನ್ರೀ?"

"ಇವನನ್ನ ನಾನು ಒಂದಕ್ಷರ ಬರೀದೇ ಬೆಳೆಸಿದೆ," ಎಂದರು ಅತ್ತೆ.

ಅವಳು ಗಂಡನ ಕಡೆ ನೋಡಿದಳು. ಅವನು ಸೋಫಾದ ಮೇಲೆ ಒರಗಿ ಒದ್ದೆ ಟವಲನ್ನು ತಲೆದಿಂಬು ಮಾಡಿಕೊಂಡಿದ್ದ. (ಬರೆದೇ ಬೆಳೆಸಬಹುದಿತ್ತು ಎಂದು ಅವಳಿಗೆ ಅನ್ನಿಸಿತು. ಆದರೆ ಹೇಳಲೂ ಶಕ್ತಿ ಬೇಕು.)

ಪ್ಲ್ಯಾನರಿಗೆ ಕೈಯಿಂದಲೇ ಕವರು ಹೊಲಿಯುವ ಒಬ್ಬರ ಅಂಗಡಿಯ ವಿಳಾಸ ಗೆಳತಿಯೊಬ್ಬಳಿಂದ ಸಿಕ್ಕಿತು. ಕಿರಿದಾದ ಮೆಟ್ಟಿಲು ಹತ್ತಿದರೆ ಒಂದು ಕೋಣೆ, ಗೋಡೆಯುದ್ದಕ್ಕೂ ಚರ್ಮದ ಸುರುಳಿ, ದಪ್ಪ ಬಟ್ಟೆಯ ಥಾನು, ಮಧ್ಯೆ ಒಂದು ಮೇಜು. ಮೇಜಿನ ಹಿಂದೆ ಐವತ್ತು ದಾಟಿದ ಕವರಿನವರು ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿಕೊಂಡು, ಒಂದೇ ತೂತಿನಲ್ಲಿ ಆ ಕಡೆಯಿಂದೊಂದು ಈ ಕಡೆಯಿಂದೊಂದು ದಾಟಿಸುತ್ತ ಹೊಲಿಯುತ್ತಿದ್ದರು. ಎರಡೂ ಸೂಜಿ ಎಲ್ಲೂ ಸಿಕ್ಕಿಕೊಳ್ಳದೆ ಒಂದನ್ನೊಂದು ದಾಟಿಹೋಗುವುದನ್ನು ನೋಡಿ ಅವಳಿಗೆ ಅಳು ಬಂತು. ಯಾಕೋ ಗೊತ್ತಾಗಲಿಲ್ಲ. ಆ ದಿನಗಳಲ್ಲಿ ಅವಳಿಗೆ ಅಳಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ.

"ಏನಕ್ಕಮ್ಮಾ ಬೇಕು?"

"ಬರೆಯೋಕೆ."

"ಅದು ಗೊತ್ತಾಯ್ತು. ಎಲ್ಲಿ ಕೂತು ಬರೀತೀರಿ? ಕೈ ಒಣಗಿರುತ್ತಾ, ಒದ್ದೆ ಇರುತ್ತಾ?"

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಅವು ಕೊನೆಯ ಸಲ ಒಣಗಿದ್ದು ಯಾವಾಗ ಎಂದು ನೆನಪಾಗಲಿಲ್ಲ.

"ಒದ್ದೆ," ಎಂದಳು. "ಕೂರೋದು... ಕೂರಲ್ಲ."

"ಹಾಗಾದ್ರೆ ಇದು ತಗೊಳ್ಳಿ." ಅವರು ಮೇಣ ಹಚ್ಚಿದ ಬೂದುಬಣ್ಣದ ದಪ್ಪ ಬಟ್ಟೆಯ ಕವರೊಂದನ್ನು ಮುಂದಿಟ್ಟರು. "ನೀರು ಚೆಲ್ಲಿದ್ರೂ ಒರೆಸಿದ್ರಾಯ್ತು. ಒಳಗೆ ಹೊಲಿದ ಪುಸ್ತಕ, ಕವರಿನ ದಾರಕ್ಕೆ ಸಿಕ್ಸಿಬಿಟ್ರೆ ಒಂದು ಹಾಳೇನೂ ಎಲ್ಲೂ ಹೋಗಲ್ಲ."

ಅದು ಲಾರಿಯ ಮೇಲೆ ಹೊದಿಸುವ ಟಾರ್ಪಾಲಿನ ತಂಗಿಯ ಹಾಗಿತ್ತು. ಅವಳ ಕಣ್ಣು ಆಗಲೇ ಬೇರೊಂದರ ಮೇಲೆ ನೆಟ್ಟಿತ್ತು: ಹಾಲು ಒಂದು ಚಮಚ ಹೆಚ್ಚಾದ ಕಾಫಿಯ ಬಣ್ಣದ ಮೆತ್ತನೆಯ ಚರ್ಮ, ಅಂಚಿಗೆ ದಂತಬಣ್ಣದ ಹೊಲಿಗೆ, ಒಳಗೆ ಹೊಳೆಯುವ ಆರು ಉಂಗುರ. ಅದನ್ನು ಹಿಡಿದುಕೊಂಡ ಹೆಣ್ಣು ಹೇಗಿರುತ್ತಾಳೆಂದು ಅವಳಿಗೆ ಸ್ಪಷ್ಟವಾಗಿ ಕಾಣಿಸಿತು. ಆ ಹೆಣ್ಣಿನ ತಲೆ ಬಾಚಿತ್ತು. ಭುಜದ ಮೇಲೆ ಮಗು ಕಕ್ಕಿದ ಹಾಲಿನ ಕಲೆ ಇರಲಿಲ್ಲ.

"ಇದನ್ನ ಮಗು ಕಚ್ಚಿದ್ರೆ ಏನಾಗುತ್ತೆ?"

"ಹಲ್ಲು ಬಂದಿದ್ಯಾ?"

"ಇನ್ನೂ ಇಲ್ಲ."

"ಹಾಗಾದ್ರೆ ಕವರಿಗೇನೂ ಆಗಲ್ಲ ಬಿಡಿ."

"ಕವರಿಗಲ್ಲ ಸ್ವಾಮಿ, ಮಗುಗೆ!"

ಅವರು ಸೂಜಿ ಕೆಳಗಿಟ್ಟು, ಚರ್ಮವನ್ನು ಹದ ಮಾಡಲು ಏನೇನು ಹಾಕುತ್ತಾರೆ ಎಂದು ತಾಳ್ಮೆಯಿಂದ ವಿವರಿಸಿದರು. ಅವಳು ತಾಳ್ಮೆಯಿಂದ ಗಾಬರಿಯಾದಳು. ಮನೆಗೆ ಹೋಗಿ ಯೋಚಿಸಿದಳು. ಮಾರನೆಯ ದಿನ ಮತ್ತೆ ಹೋದಳು. ಮುಚ್ಚಲು ಗುಂಡಿಯೋ, ಪಟ್ಟಿಯೋ, ಎಲಾಸ್ಟಿಕ್ಕೋ? ಗುಂಡಿಯಾದರೆ ಮಗು ನುಂಗಬಹುದು. ಪಟ್ಟಿಯಾದರೆ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಎಲಾಸ್ಟಿಕ್ಕು ಸಿಡಿದು ಕಣ್ಣಿಗೆ ಬೀಳಬಹುದು. (ಪ್ರಪಂಚದಲ್ಲಿ ಇಷ್ಟೊಂದು ಅಪಾಯಕಾರಿಯಾದ ಪುಸ್ತಕದ ಕವರು ಅದಕ್ಕೆ ಮುಂಚೆ ಯಾರೂ ಹೊಲಿಸಿರಲಿಕ್ಕಿಲ್ಲ.)

"ಅಮ್ಮಾ, ಇದನ್ನ ತೊಟ್ಟಿಲಲ್ಲಿ ಇಡ್ತೀರಾ?" ಎಂದು ಕೇಳಿದರು ಕವರಿನವರು.

"ಇಲ್ಲ. ಬ್ಯಾಗಲ್ಲಿ."

"ಮಗು ಬ್ಯಾಗಲ್ಲಿರುತ್ತಾ?"

ಕೊನೆಗೆ ಪಟ್ಟಿ ಎಂದು ತೀರ್ಮಾನವಾಯಿತು. ಅತಿ ಗಿಡ್ಡ ಪಟ್ಟಿ. ಆದರೆ ಉಂಗುರದ ವಿಷಯದಲ್ಲಿ ಅವರು ಮತ್ತೊಮ್ಮೆ ತಲೆಯಾಡಿಸಿದರು.

"ಉಂಗುರದ್ದು ನಿಮಗೆ ಬೇಡಮ್ಮಾ. ಹಾಳೆ ತೆಗೀಬಹುದು, ಹಾಕಬಹುದು ಅಂತ ಎಲ್ರೂ ಆಸೆ ಪಡ್ತಾರೆ. ತೆಗೀಬಹುದು ಅಂದ್ರೆ ಉದುರಬಹುದು ಅಂತಾನೂ ಅರ್ಥ."

"ನಾನು ಜೋಪಾನವಾಗಿರ್ತೀನಿ," ಎಂದಳು, ಫೋನನ್ನು ಆಲೂಗಡ್ಡೆಯ ಜೊತೆ ಇಟ್ಟಿದ್ದವಳು.

ಆಮೇಲೆ ರೀಫಿಲ್, ಎಂದರೆ ಒಳಗೆ ಹಾಕುವ ಹಾಳೆಗಳ ಸರದಿ ಬಂತು. ಕವರೆಂದರೆ ಬರೀ ಹೊರಗಿನ ಅಲಂಕಾರ, ರೀಫಿಲ್ಲೇ ಆತ್ಮ ಎಂದು ಅವಳಿಗೆ ಆಗ ತಿಳಿಯಿತು. ಗೆರೆ ಇದ್ದದ್ದು, ಚುಕ್ಕೆ ಇದ್ದದ್ದು, ಚೌಕ ಇದ್ದದ್ದು, ಏನೂ ಇಲ್ಲದ್ದು. ಪುಟಕ್ಕೊಂದು ದಿನ, ಎರಡು ಪುಟಕ್ಕೊಂದು ವಾರ. ತಾರೀಖು ಅಚ್ಚಾಗಿದ್ದದ್ದು, ಅಚ್ಚಾಗದ್ದು. ಹಾಳೆಯ ದಪ್ಪ ಬೇರೆ ಬೇರೆ. ಕವರಿನವರು ಸೋತು, ಒಂದೊಂದು ನಮೂನೆಯದೂ ಒಂದೊಂದು ಹಾಳೆ ಕೊಟ್ಟು, ಮನೆಯಲ್ಲಿ ಬರೆದು ನೋಡಿ ಬನ್ನಿ ಎಂದು ಕಳಿಸಿದರು. ಅವಳು ಊಟದ ಮೇಜಿನ ಮೇಲೆ ಹನ್ನೊಂದು ಹಾಳೆ ಹರಡಿ, ಹನ್ನೊಂದರ ಮೇಲೂ "ಮಗು ಹಾಲು ಕುಡಿಯಿತು" ಎಂದು ಬರೆದು, ಒದ್ದೆ ಬೆರಳಿನಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿದಳು.

ಅತ್ತೆ ಬಂದು ನಿಂತರು. ಒಂದೊಂದನ್ನೇ ಓದಿದರು.

"ಏನಮ್ಮಾ ಇದು? ಒಂದು ಸಲ ಕುಡಿದಿದ್ದಕ್ಕೆ ಹನ್ನೊಂದು ಸಲ ಬರೆದಿದ್ದೀಯಲ್ಲ. ಇನ್ನು ಅದು ದೊಡ್ಡದಾಗಿ ಮದುವೆಯಾದ್ರೆ ಎಷ್ಟು ಬರೀತೀಯೋ!"

"ಹಾಳೆ ಪರೀಕ್ಷೆ ಅತ್ತೆ."

"ಅಲ್ಲಿ ಅದು ನಿಜವಾದ ಹಾಲಿಗೆ ಅಳ್ತಿದೆ. ಮೊದಲು ಎದ್ದು ಅದನ್ನ ಪರೀಕ್ಷೆ ಮಾಡು."

ಕೊನೆಗೆ ಚೌಕದ ಗೆರೆಯ, ದಿನಕ್ಕೊಂದು ಪುಟದ, ತಾರೀಖು ಅಚ್ಚಾಗದ ರೀಫಿಲ್ ಗೆದ್ದಿತು. ತಾರೀಖು ಅಚ್ಚಾದದ್ದನ್ನು ಅವಳು ಬೇಕೆಂದೇ ಬಿಟ್ಟಳು. ಬರೆಯದೆ ಬಿಟ್ಟ ದಿನದ ಖಾಲಿ ಪುಟ ತಾರೀಖಿನ ಸಮೇತ ತನ್ನನ್ನು ದುರುಗುಟ್ಟಿಕೊಂಡು ನೋಡುವುದನ್ನು ಕಲ್ಪಿಸಿಕೊಂಡರೇ ಸುಸ್ತಾಗುತ್ತಿತ್ತು. ತಾರೀಖನ್ನು ತಾನೇ ಬರೆದುಕೊಂಡರಾಯಿತು ಎಂದುಕೊಂಡಳು.

ಮೊದಲ ವಾರ ಹೀಗೆ ಕವರಿಗೂ ರೀಫಿಲ್ಲಿಗೂ ಸಮರ್ಪಣೆಯಾಯಿತು. ಎರಡನೆಯ ವಾರ, ಸೋಮವಾರದಿಂದ, ದಾಖಲೆ ಶುರು. ಇದನ್ನು ಒಪ್ಪಿಕೊಳ್ಳಲೇಬೇಕು: ಬಹಳ ಚೆನ್ನಾಗಿ ಬರೆದಳು. ಆಫೀಸಿನ ಅಭ್ಯಾಸದಂತೆ ಅಡಿಪಟ್ಟಿ ಇಟ್ಟು ಐದು ಅಂಕಣ ಎಳೆದಳು: ಹೊತ್ತು, ಊಟ, ನಿದ್ದೆ, ಅಳು, ಕಾರಣ. ಮಗು ಕಣ್ಣು ಬಿಟ್ಟರೆ ಬರೆದಳು, ಕಣ್ಣು ಮುಚ್ಚಿದರೆ ಬರೆದಳು. ಮಂಗಳವಾರ ಕ್ಯಾರೆಟ್ ಉಗಿದದ್ದನ್ನು, ಅದು ಗೋಡೆಯ ಮೇಲೆ ಎಷ್ಟು ದೂರ ಹಾರಿತು ಎಂಬುದರ ಸಮೇತ ಬರೆದಳು. ರೀಫಿಲ್ಲು ಬೇಕಾದ್ದಕ್ಕಿಂತ ಹೆಚ್ಚೇ ಇದ್ದುದರಿಂದ ಮಗುವಿನ ಪುಟಗಳ ಹಿಂದೆ ಅಡುಗೆ, ಆಫೀಸು, ಚಿಂತೆ, ಇತರೆ ಚಿಂತೆ ಎಂದು ಬೇರೆ ಬೇರೆ ವಿಭಾಗಗಳೂ ಹುಟ್ಟಿಕೊಂಡವು.

ಭಾನುವಾರದ ಹೊತ್ತಿಗೆ ಏಳು ಪುಟ ತುಂಬಿದ್ದವು. ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿ, ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಪ್ಲ್ಯಾನರ್, ಬಾಯಲ್ಲಿ ಕೀ ಹಿಡಿದು ಅವಳು ಬಾಗಿಲ ಬಳಿ ಬಂದಳು. ಅತ್ತೆ "ಸ್ವೆಟರ್!" ಎಂದರು. ಅವಳು ತಿರುಗಿದಳು. ಗಿಡ್ಡ ಪಟ್ಟಿ ಕಿತ್ತುಕೊಂಡಿತು, ಪ್ಲ್ಯಾನರ್ ನೆಲಕ್ಕೆ ಬಿತ್ತು, ಆರೂ ಉಂಗುರಗಳು ಟಪ್ಪೆಂದು ಒಟ್ಟಿಗೆ ಬಾಯಿಬಿಟ್ಟವು. ಮಗು, ಅಡುಗೆ, ಆಫೀಸು, ಚಿಂತೆ, ಇತರೆ ಚಿಂತೆ ಎಲ್ಲ ಫ್ಯಾನಿನ ಗಾಳಿಗೆ ಹಾರಿ ಹಜಾರದ ತುಂಬ ಹರಡಿಕೊಂಡವು.

"ಗಾಬರಿ ಬೇಡ," ಎಂದ ಗಂಡ, ಒಂದು ಹಾಳೆಯ ಮೇಲೆ ನಿಂತುಕೊಂಡು. "ತಾರೀಖು ನೋಡಿ ಜೋಡಿಸಿದ್ರಾಯ್ತು."

ಅವಳು ಒಂದು ಹಾಳೆ ಎತ್ತಿದಳು. ಇನ್ನೊಂದು ಎತ್ತಿದಳು. ಹೊತ್ತು ಇತ್ತು, ನಿಮಿಷವೂ ಇತ್ತು. ತಾರೀಖು ಮಾತ್ರ ಒಂದರ ಮೇಲೂ ಇರಲಿಲ್ಲ. ಎಂಟು ವರ್ಷ ಇನ್ನೊಬ್ಬರ ಅರ್ಜಿಗಳಿಗೆ ಕೆಂಪು ಮುದ್ರೆ ಒತ್ತಿದ ಕೈ ಅದು. ಅಷ್ಟರಲ್ಲಿ ತಳ್ಳುಗಾಡಿಯಿಂದ ವಾಸನೆಯ ರೂಪದಲ್ಲಿ ತುರ್ತು ಕರೆ ಬಂತು. ಮಗುವನ್ನು ಎತ್ತಿಕೊಂಡು ಬಚ್ಚಲುಮನೆಗೆ ಓಡಿದಳು.

ಹಜಾರದಲ್ಲಿ ತಾಯಿಮಗನ ಆಯೋಗ ಕೂತಿತು.

"ಇದ್ರಲ್ಲಿ ಕ್ಯಾರೆಟ್ ಅಂತಿದೆ ಅಮ್ಮ."

"ಮಂಗಳವಾರ. ಗೋಡೆ ಒರೆಸಿದ್ದು ನಾನೇ ಅಲ್ವಾ."

"ಆಲೂಗಡ್ಡೆ?"

"ಶುಕ್ರವಾರ."

"ಬಾಳೆಹಣ್ಣು, ಎರಡು ಸಲ ಬಟ್ಟೆ ಬದಲಾವಣೆ?"

"ಎರಡು ಸಲನಾ? ಭಾನುವಾರ. ಬಾಳೆಹಣ್ಣು ಕೊಟ್ಟೋನು ನೀನೇ, ನೆನಪಿಲ್ವಾ?"

ಹೀಗೆ ಆರು ದಿನಗಳು ಮೊಮ್ಮಗುವಿನ ಹೊಟ್ಟೆಯ ಆಧಾರದ ಮೇಲೆ ಸ್ವಸ್ಥಾನ ಸೇರಿದವು. ಐದು ಅಂಕಣದ ಹಾಳೆ ಇನ್ನೊಂದು ಉಳಿದಿತ್ತು.

"ಉಳಿದದ್ದು ಒಂದು ಹಾಳೆ, ಉಳಿದದ್ದು ಒಂದು ದಿನ, ಗುರುವಾರ. ಓದೋದೇನು ಬಂತು," ಎಂದ ಗಂಡ. ಏಳಕ್ಕೂ ತಾರೀಖು ಹಾಕಿದ, ಉಂಗುರ ಒತ್ತಿದ, ಮುಚ್ಚಿದ. "ನೋಡು, ಐದೇ ನಿಮಿಷ. ನೀನಿದ್ದಿದ್ರೆ ಅರ್ಧ ಗಂಟೆ ಅತ್ತಿರ್ತಿದ್ದೆ."

ಬಚ್ಚಲಿನಿಂದ ಬಂದ ಅವಳು ಅವಸರದಲ್ಲಿ ಮಗುವನ್ನು ಮತ್ತೆ ತಳ್ಳುಗಾಡಿಯಲ್ಲಿ ಕೂರಿಸಿದಳು. ಹತ್ತಕ್ಕೆ ಹತ್ತು ನಿಮಿಷವಿತ್ತು. ನಾಲ್ವರೂ ಹೊರಟರು.

ಡೇಕೇರಿನ ಬೆಂಚಿನ ಮೇಲೆ ಇನ್ನೊಬ್ಬ ತಾಯಿ ಮೊದಲೇ ಬಂದು ಕೂತಿದ್ದಳು. ಅವಳ ಕೈಯಲ್ಲಿ ಕ್ಯಾಲೆಂಡರಿನಿಂದ ಹರಿದ ಒಂದೇ ಒಂದು ಹಾಳೆ, ಅದರ ಹಿಂದೆ ಪೆನ್ಸಿಲ್ಲಿನಲ್ಲಿ ಏಳು ಸಾಲು. ಪಕ್ಕದಲ್ಲಿ ಗುಂಡಗಿನ ಮಗುವೊಂದು ನಿದ್ದೆ ಮಾಡುತ್ತಿತ್ತು. ನಮ್ಮವಳು ಕಾಫಿಬಣ್ಣದ ಕವರನ್ನು ಮೇಡಮ್ಮಿನ ಮೇಜಿನ ಮೇಲೆ ಇಟ್ಟಾಗ ಆ ತಾಯಿ ತನ್ನ ಹಾಳೆಯನ್ನು ಮಡಚಿ ಅಂಗೈಯೊಳಗೆ ಬಚ್ಚಿಟ್ಟುಕೊಂಡಳು. ಎರಡು ವಾರಗಳಲ್ಲಿ ಮೊದಲ ಬಾರಿಗೆ ನಮ್ಮವಳಿಗೆ ಬದುಕು ಸರಿದಾರಿಯಲ್ಲಿದೆ ಎನ್ನಿಸಿತು.

ಮೇಡಂ ಓದಿದರು. ಸೋಮವಾರಕ್ಕೆ ತಲೆದೂಗಿದರು. ಮಂಗಳವಾರಕ್ಕೆ ನಕ್ಕರು. ಬುಧವಾರಕ್ಕೆ "ಅಚ್ಚುಕಟ್ಟು" ಎಂದರು. ಗುರುವಾರಕ್ಕೆ ಬಂದಾಗ ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಂಡರು.

"ಬೆಳಗ್ಗೆ ಹತ್ತು. ಊಟ: ಅರ್ಧ ಬ್ರೆಡ್ಡು, ನಿಂತುಕೊಂಡು." ತಲೆಯೆತ್ತಿದರು. "ನಿಂತುಕೊಂಡು? ಏಳು ತಿಂಗಳಿಗೇ?"

"ನಿಂತ್ಕೊಂಡಿತಾ?" ಗಂಡ ಕುರ್ಚಿಯಿಂದ ಎದ್ದೇಬಿಟ್ಟ. "ಏ, ನನಗ್ಯಾಕೆ ಹೇಳ್ಲಿಲ್ಲ? ಅಮ್ಮಾ, ಪಾಪು ನಿಂತಿತಂತೆ!"

"ನಿದ್ದೆ: ಇಪ್ಪತ್ತು ನಿಮಿಷ, ಬಚ್ಚಲಲ್ಲಿ ಬಕೆಟ್ಟಿನ ಮೇಲೆ ಕೂತು," ಎಂದು ಮುಂದುವರಿಸಿದರು ಮೇಡಂ. "ಹನ್ನೊಂದೂಕಾಲು. ಅಳು: ಐದು ನಿಮಿಷ. ಕಾರಣ: ಕಾಲುಚೀಲ ಒಂದೇ ಸಿಕ್ಕಿತು. ಮಧ್ಯಾಹ್ನ ಎರಡು. ಅಳು: ಎಂಟು ನಿಮಿಷ. ಕಾರಣ: ಗೊತ್ತಿಲ್ಲ. ನಾಲ್ಕು. ಚಮಚ ಎಸೆತ. ಕಾರಣ: ಆಫೀಸಿನಿಂದ ಫೋನು."

ಅವಳು ಮೇಜಿನ ಮೇಲೆ ಬಗ್ಗಿ ಆ ಹಾಳೆಯನ್ನು ನೋಡಿದಳು.

ಆ ಗುರುವಾರ ರಾತ್ರಿ ಮಗು ಮಲಗಿದ ಮೇಲೆ, ಅದರ ಪುಟ ಬರೆದು ಮುಗಿಸಿ, ಮುಂದೆ ಒಂದು ಖಾಲಿ ಪುಟ ಕಂಡು ಅವಳು ಅದಕ್ಕೂ ಐದು ಅಂಕಣ ಎಳೆದಿದ್ದಳು. ಮನೆಯಲ್ಲಿ ಮಗುವಿನ ಆಕಳಿಕೆಗೂ ಲೆಕ್ಕವಿದೆ, ತನಗೇನು ಎಂದು ಸುಮ್ಮನೆ, ಬೇಸರಕ್ಕೆ, ತನ್ನ ದಿನವನ್ನು ತಾನೇ ಬರೆದುಕೊಂಡಿದ್ದಳು. ಬರೆದು "ಇತರೆ ಚಿಂತೆ"ಯ ಹಿಂದೆ ಸೇರಿಸಿ ಮರೆತಿದ್ದಳು.

ಮೇಡಂ ಉಳಿದ ಮೂರು ಪುಟಗಳ ಮೇಲೂ ಕಣ್ಣಾಡಿಸಿ ಪುಸ್ತಕ ಮುಚ್ಚಿದರು.

"ನೋಡಿಯಮ್ಮಾ, ಆರು ದಿನ ಬಂಗಾರದಂಥ ಮಗು. ಗುರುವಾರ ಏನಾಯ್ತೋ! ಊಟ ಇಲ್ಲ, ನಿದ್ದೆ ಇಲ್ಲ, ಕಾರಣ ಇಲ್ಲದ ಅಳು, ಫೋನು ಬಂದ್ರೆ ಕೋಪ. ಇಂಥ ಒಂದು ಮಗು ಇದ್ರೆ ಹತ್ತು ಮಕ್ಕಳನ್ನ ಎಬ್ಬಿಸಿಬಿಡುತ್ತೆ. ಮೂರು ತಿಂಗಳು ಬಿಟ್ಟು ನೋಡೋಣ." ಬೆಂಚಿನ ಕಡೆ ತಿರುಗಿದರು. "ನಿಮ್ಮದು ಕೊಡಿಯಮ್ಮಾ."

ಕ್ಯಾಲೆಂಡರಿನ ಹಾಳೆ ಅಂಗೈಯಿಂದ ಹೊರಬರತೊಡಗಿತು. ನಮ್ಮವಳ ಕಣ್ಣ ಮುಂದೆ ತೊಟ್ಟಿಲು ಹೋಯಿತು, ಅದರ ಹಿಂದೆ ಕುರ್ಚಿ ಹೋಯಿತು, ಕುರ್ಚಿಯ ಹಿಂದೆ ಕೆಂಪು ಮುದ್ರೆ ಹೋಯಿತು.

"ಅದು ಮಗು ಅಲ್ಲ ಮೇಡಂ," ಎಂದಳು.

"ಮತ್ತೆ?"

ಒಂದು ಕಡೆ ಅತ್ತೆ, ಇನ್ನೊಂದು ಕಡೆ ಗಂಡ, ಎದುರಿಗೆ ಬೆಂಚಿನ ತಾಯಿ. ನೆಲ ಬಾಯಿಬಿಡಬೇಕಾದ ಹೊತ್ತು. ಆದರೆ ಆ ನೆಲ ಗಟ್ಟಿ ಸಿಮೆಂಟಿನದು.

"ಅದು... ನಾನು."

ಅತ್ತೆ ಮೆಲ್ಲನೆ ಪ್ಲ್ಯಾನರನ್ನು ತಮ್ಮ ಕಡೆ ಎಳೆದುಕೊಂಡು, ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಕೊನೆಯ ಸಾಲನ್ನು ಮೇಡಂ ಓದಿರಲಿಲ್ಲ. ಅತ್ತೆ ಗಟ್ಟಿಯಾಗಿಯೇ ಓದಿದರು.

"ಸಂಜೆ ಆರರಿಂದ ಗಂಡನ ಜೊತೆ ಮಾತಿಲ್ಲ."

"ಗುರುವಾರ ನೀನು ಮಾತಾಡ್ಲಿಲ್ವಾ?" ಎಂದ ಗಂಡ, ನಿಜವಾದ ಆಶ್ಚರ್ಯದಿಂದ.

"ಅದಕ್ಕೇ ನಿಂಗೆ ಆವತ್ತು ಆರಾಮ ಅನ್ನಿಸಿರಬೇಕು," ಎಂದರು ಅತ್ತೆ. "ಹಾಗಾದ್ರೆ ನಿಜವಾದ ಗುರುವಾರ ಎಲ್ಲಿ?"

ಅದು ತಳ್ಳುಗಾಡಿಯಲ್ಲಿ, ಮಗುವಿನ ಕೆಳಗೆ ಇತ್ತು. ಹಾಳೆಗಳು ಹಾರಿದಾಗಲೇ ಮಗು ಅದನ್ನು ಹಿಡಿದು ಒಂದು ಮೂಲೆ ಚೀಪಿ, ಉಳಿದದ್ದನ್ನು ಆಸನವಾಗಿ ಮಾಡಿಕೊಂಡಿತ್ತು. ಚೀಪದ ಭಾಗದಲ್ಲಿ ಇದ್ದದ್ದು: ನಿದ್ದೆ: ಎರಡೂವರೆ ಗಂಟೆ. ಅಳು: ಇಲ್ಲ.

ಮೇಡಂ ಎರಡು ಗುರುವಾರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬೆಂಚಿನ ತಾಯಿಯ ಹಾಳೆಯನ್ನೂ ತರಿಸಿಕೊಂಡು ನೋಡಿದರು. ಆ ಮಗು ಹಗಲಿಡೀ ಮಲಗಿ ಸಂಜೆಯಾದ ಮೇಲೆ ಆಟ ಶುರುಮಾಡುತ್ತಿತ್ತು. ತಾಯಿಗೆ ಸಹಾಯ ಬೇಕಿದ್ದದ್ದೂ ಆ ಹೊತ್ತಿಗೇ. ಸಂಜೆ ಆರಕ್ಕೆ ಬಾಗಿಲು ಹಾಕುವ ಡೇಕೇರಿನಿಂದ ಅದಕ್ಕೇನೂ ಪ್ರಯೋಜನವಿಲ್ಲವೆಂದು ಆ ತಾಯಿಯೇ ಒಪ್ಪಿಕೊಂಡಳು.

"ಸರಿ. ತೊಟ್ಟಿಲು ನಿಮ್ಮ ಮಗುಗೆ," ಎಂದರು ಮೇಡಂ. ಅವಳು ಉಸಿರು ಬಿಡುವಷ್ಟರಲ್ಲೇ ಬೆರಳೆತ್ತಿದರು. "ಆದ್ರೆ ಒಂದು ಮಾತು. ಬಾಗಿಲಲ್ಲಿ ಅಮ್ಮ ಅತ್ರೆ ಒಳಗೆ ಮಗು ಅಳುತ್ತೆ. ಮುಂದಿನ ಸೋಮವಾರ ಈ ಗುರುವಾರದವರದ್ದೂ ಒಂದು ವಾರದ ದಾಖಲೆ ತನ್ನಿ. ಊಟ, ನಿದ್ದೆ ನೆಟ್ಟಗಿದ್ರೆ ಮಾತ್ರ ಮಗುನ ಬಿಟ್ಟು ಹೋಗಬಹುದು. ಬರೆಯೋದು ಅವರಲ್ಲ. ನೀವಿಬ್ಬರು."

ಅತ್ತೆ "ಆಗಲಿ" ಎಂದು ಪ್ಲ್ಯಾನರನ್ನು ಎತ್ತಿ ತಮ್ಮ ಕೈಚೀಲದೊಳಗೆ ಇಟ್ಟುಕೊಂಡರು. ಅದು ಮತ್ತೆ ಅವಳ ಕೈಗೆ ಬರಲಿಲ್ಲ.

ಆ ಮಧ್ಯಾಹ್ನವೇ ಆಡಳಿತ ಬದಲಾಯಿತು. ಒಂದಕ್ಷರ ಬರೆಯದೆ ಮಗನನ್ನು ಬೆಳೆಸಿದ ಅತ್ತೆಗೆ ಬರೆಯುವ ರುಚಿ ಹತ್ತಿತ್ತು. ಅವಳು ತಟ್ಟೆ ಹಿಡಿದು ನಿಂತರೆ "ಕೂತ್ಕೋ" ಎಂದರು. ಕೂತಳು. ಅರ್ಧ ಬಿಟ್ಟರೆ "ಅರ್ಧ ಅಂತ ಬರೆದ್ರೆ ಮೇಡಂ ಒಪ್ತಾರಾ?" ಎಂದು ಗದರಿದರು. ಪೂರ್ತಿ ತಿಂದಳು. ಮಲಗು ಎಂದರು. ಮಲಗಿದಳು. ಗಂಡ ಗಡಿಯಾರ ಹಿಡಿದು ಮಂಚದ ತಲೆಕಡೆ ನಿಂತ.

"ನಿದ್ದೆ ಬಂತಾ?"

"ನೀವು ಕೇಳಿದ್ರೆ ಹೇಗ್ರೀ ಬರುತ್ತೆ?"

"ಅಮ್ಮಾ, ಇನ್ನೂ ಇಲ್ಲ!" ಎಂದು ಅವನು ಹಜಾರಕ್ಕೆ ಕೂಗಿದ. ಮಗು ಎಚ್ಚರವಾಯಿತು. ಅದನ್ನು ಯಾರೂ ಬರೆಯಲಿಲ್ಲ.

ಸಂಜೆ ಐದಕ್ಕೆ, ಏಳು ತಿಂಗಳಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬಿ, ಮೈ ಹಗುರಾಗಿ, ಅವಳಿಗೆ ಅಳುವ ಮನಸ್ಸಾಯಿತು. ಸುಖಕ್ಕೋ ಸುಸ್ತಿಗೋ ತಿಳಿಯಲಿಲ್ಲ. ಮನೆಯಲ್ಲಿ ಚಿಲಕವಿದ್ದ ಒಂದೇ ಜಾಗ ಬಚ್ಚಲುಮನೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಮುಖ ಮುಚ್ಚಿಕೊಂಡು ಕಾದಳು. ಅಳು ಬರಲಿಲ್ಲ. ಬಂದದ್ದು ಬಾಗಿಲು ತಟ್ಟುವ ಸದ್ದು.

"ಮೂರು ನಿಮಿಷ ಆಯ್ತು," ಎಂದಿತು ಗಂಡನ ದನಿ. "ನಿದ್ದೆನಾ, ಅಳುನಾ?"

"ಅವಳನ್ನೇನು ಕೇಳ್ತೀಯೋ, ಸುಳ್ಳು ಹೇಳ್ತಾಳೆ," ಎಂದಿತು ಹಿಂದಿನಿಂದ ಅತ್ತೆಯ ದನಿ. "ಬಾಗಿಲಿಗೆ ಕಿವಿ ಇಟ್ಟು ಬರಿ."

"ಎರಡೂ ಅಲ್ಲ!" ಎಂದು ಅವಳು ಒಳಗಿನಿಂದ ಕೂಗಿದಳು. "ಸುಮ್ನೆ ಕೂತಿದ್ದೀನಿ!"

ಹೊರಗೆ ಹಾಳೆ ಮಗುಚುವ ಸದ್ದು. ತಾಯಿಮಗ ಪಿಸುಗುಟ್ಟುವ ಸದ್ದು. ಆಮೇಲೆ ಗಂಡ, ಅವಳ ಎಂಟು ವರ್ಷದ ಆಫೀಸಿನ ದನಿಯಲ್ಲೇ, ಗಂಭೀರವಾಗಿ ಹೇಳಿದ:

"ಸುಮ್ನೆ ಕೂರೋದಕ್ಕೆ ಅಂಕಣ ಇಲ್ಲ ಕಣೇ. ನಿದ್ದೆನೋ ಅಳುನೋ, ಯಾವುದಾದ್ರೂ ಒಂದು ಮಾಡು."